ನಾನು ಕಲಿತ ಒಂದು ಪದ

ಬಿ.ಎ. ತರಗತಿಗೆ ಸೇರಿದ ಹೊಸತರಲ್ಲಿ ನನಗೆ ಇಂಗ್ಲಿಷ್ ಪದಗಳ ಹುಚ್ಚು ಹಿಡಿದಿತ್ತು. ದಿನಕ್ಕೆ ಹತ್ತು ಪದಗಳಂತೆ ಅರ್ಥ, ಸಮಾನಾರ್ಥಕ, ವಿರುದ್ಧಾರ್ಥಕಗಳನ್ನು ನೋಟುಬುಕ್ಕಿನಲ್ಲಿ ಬರೆದು ಉರು ಹೊಡೆಯುತ್ತಿದ್ದೆ. ಅಮರಕೋಶವನ್ನು ಬಾಯಿಪಾಠ ಮಾಡಿದ್ದ ಅಜ್ಜ, “ನಮ್ಮ ಕಾಲದಲ್ಲಿಯೂ ಹೀಗೆಯೇ, ಮಗು” ಎಂದು ನಗುತ್ತಿದ್ದರು. 1852ರಲ್ಲಿ ಪೀಟರ್ ಮಾರ್ಕ್ ರೋಜೆ ಪ್ರಕಟಿಸಿದ ‘ಥೆಸಾರಸ್’ ಕೂಡ ಅಮರಕೋಶದಂತೆಯೇ ಪದಗಳನ್ನು ಅಕ್ಷರಕ್ರಮದಿಂದಲ್ಲ, ಅರ್ಥದ ವರ್ಗಗಳಿಂದ ಜೋಡಿಸಿದೆಯೆಂದು ಹೇಳಿದಾಗ ಅವರಿಗಾದ ಹಿಗ್ಗು ಅಷ್ಟಿಷ್ಟಲ್ಲ.

ಆ ಮಳೆಗಾಲದಲ್ಲಿಯೇ ಅಜ್ಜ ತೀರಿಕೊಂಡರು. ರಜೆಯ ಅರ್ಜಿಯಲ್ಲಿ ‘ಡೈ’ ಎಂಬ ಸಣ್ಣ ಪದ ಸಾಲದೆನಿಸಿ, ನನ್ನ ಪಟ್ಟಿಯಿಂದ ‘ಪೆರಿಷ್’ ಎಂಬುದನ್ನು ಆರಿಸಿ ಬರೆದೆ. ಅಧ್ಯಾಪಕರು ನಗಲಿಲ್ಲ. “ಹಡಗು ಮುಳುಗಿದಾಗ, ಕ್ಷಾಮ ಬಂದಾಗ ‘ಪೆರಿಷ್’ ಎನ್ನುತ್ತಾರೆ. ನಿಮ್ಮ ಮನೆಯಲ್ಲಿ ಅಜ್ಜ ‘ಸತ್ತ’ ಎನ್ನುತ್ತೀರೇನಪ್ಪ, ‘ತೀರಿಕೊಂಡರು’ ಎನ್ನುತ್ತೀರೋ?” ಎಂದು ಮೆಲ್ಲಗೆ ಕೇಳಿದರು. ನಾನು ತಲೆ ತಗ್ಗಿಸಿದೆ.

ಸಮಾನಾರ್ಥಕಗಳು ಅಣ್ಣತಮ್ಮಂದಿರಿದ್ದಂತೆ, ಮುಖ ಹೋಲಿದರೂ ಗುಣ ಬೇರೆ. ಈಗ ಪ್ರತಿಯೊಂದು ಪದದ ಎದುರಿಗೂ ಅದನ್ನು ಎಲ್ಲಿ ಆಡಬಾರದೆಂಬುದನ್ನು ಬರೆದುಕೊಳ್ಳುತ್ತೇನೆ. ಆ ಪುಟದಲ್ಲಿ ‘ಪಾಸ್ ಅವೇ’ ಎಂಬುದರ ಮುಂದೆ ಅಜ್ಜನ ಹೆಸರಿದೆ.