ಕಾಯಬಲ್ಲವು, ಕಾಯಲಾರದವು

2022ರ ಏಪ್ರಿಲ್ 13ರಂದು ವಿಜಯ್ ನಟಿಸಿದ ತಮಿಳಿನ ‘ಬೀಸ್ಟ್’ ತೆರೆಕಂಡಿತು. ಮರುದಿನವೇ ಯಶ್ ಅವರ ‘ಕೆ.ಜಿ.ಎಫ್: ಚಾಪ್ಟರ್ 2’ ಬಂತು. ಆ ವಾರ ಕೋಡಂಬಾಕ್ಕಂನಲ್ಲಿ ಕನ್ನಡಿಗರು ಯಾರೇ ಎದುರಾದರೂ ಒಂದೇ ಪ್ರಶ್ನೆ: ‘ಮೊದಲು ಯಾವುದಕ್ಕೆ?’ ಬಿಡುಗಡೆಗೆ ಮುನ್ನ ಯಶ್ ಅವರೇ ಇದಕ್ಕೆ ಸಮಾಧಾನ ಹೇಳಿದ್ದರು. ಚುನಾವಣೆಯಲ್ಲಿ ಒಬ್ಬರಿಗೆ ಒಂದೇ ಮತ, ಆದರೆ ಸಿನಿಮಾ ಚುನಾವಣೆಯಲ್ಲ, ಎರಡನ್ನೂ ನೋಡಬಹುದು ಎಂಬುದು ಅವರ ಮಾತಿನ ಸಾರ.

ನಮ್ಮ ಮನೆಯ ಮಟ್ಟಿಗೆ ಅದು ನಿಜವಾಯಿತು. ಗುರುವಾರ ಮಹಾವೀರ ಜಯಂತಿ, ಶುಕ್ರವಾರ ಗುಡ್ ಫ್ರೈಡೇ. ಕಚೇರಿಗೆ ಒಟ್ಟು ನಾಲ್ಕು ದಿನ ರಜೆ. ಎರಡನ್ನೂ ನೋಡಿದೆವು. ತಮಿಳುನಾಡಿನಲ್ಲಿ ಮೊದಲಿಗೆ ಹೆಚ್ಚಿನ ಪರದೆಗಳು ‘ಬೀಸ್ಟ್’ ಪಾಲಾಗಿದ್ದವು. ದಿನ ಕಳೆದಂತೆ ‘ಕೆ.ಜಿ.ಎಫ್’ ಪ್ರದರ್ಶನಗಳು ಹೆಚ್ಚುತ್ತ ಹೋದವು.

ಇವು ಎರಡು ಭಾಷೆಯ ಚಿತ್ರಗಳು, ಆದ್ದರಿಂದ ಪ್ರೇಕ್ಷಕರೂ ಬೇರೆಬೇರೆ ಎನ್ನಬಹುದು. ಆದರೆ 2021ರ ದಸರೆಯಲ್ಲಿ ‘ಸಲಗ’ ಅಕ್ಟೋಬರ್ 14ರಂದೂ ‘ಕೋಟಿಗೊಬ್ಬ 3’ ಮರುದಿನವೂ ತೆರೆಗೆ ಬಂದವು. ಎರಡೂ ಕನ್ನಡದವೇ. ಆದರೂ ಎರಡಕ್ಕೂ ಜನ ಬಂದರು.

ನಮ್ಮಲ್ಲಿದ್ದು ಓದುತ್ತಿದ್ದ ಅಕ್ಕನ ಮಗ ಇದನ್ನೇ ಬೇರೊಂದು ಲೋಕದಲ್ಲಿ ತೋರಿಸಿಕೊಟ್ಟಿದ್ದ. 2018ರ ಏಪ್ರಿಲ್ 20ರಂದು ‘ಗಾಡ್ ಆಫ್ ವಾರ್’, ಮೇ 25ರಂದು ‘ಡೆಟ್ರಾಯಿಟ್: ಬಿಕಮ್ ಹ್ಯೂಮನ್’ ಎಂಬ ವಿಡಿಯೊ ಗೇಮ್‌ಗಳು ಬಂದಿದ್ದವು. ಆಗ ಎರಡನ್ನೂ ಆಡಲು ಪ್ಲೇಸ್ಟೇಷನ್ 4 ಬೇಕೇ ಬೇಕಿತ್ತು. ಕೊಳ್ಳುವವರೂ ಅದನ್ನು ಇಟ್ಟುಕೊಂಡವರೇ. ಅವನು ಮೊದಲನೆಯದನ್ನು ಆಗಲೇ ಕೊಂಡ. ಎರಡನೆಯದನ್ನು ತಿಂಗಳುಗಳ ನಂತರ, ಬೆಲೆ ಇಳಿದ ಮೇಲೆ ತಂದ. ‘ಮಾಮಾ, ಡಿಸ್ಕ್ ಎಲ್ಲಿಗೂ ಓಡಿಹೋಗಲ್ಲ’ ಎಂದಿದ್ದ.

ಅಲ್ಲಿಗೆ ಪ್ರಶ್ನೆ ಮುಗಿಯಿತೆಂದೇ ನಂಬಿದ್ದೆ. ಆಮೇಲೊಮ್ಮೆ ಚೆನ್ನೈಗೆ ಒಂದೇ ವಾರ ಎರಡು ಕನ್ನಡ ಚಿತ್ರಗಳು ಬಂದವು. ಒಂದರಲ್ಲಿ ಹೆಸರಾಂತ ನಾಯಕ. ಇನ್ನೊಂದು ಹೊಸಬರದು, ಭಾನುವಾರ ಬೆಳಿಗ್ಗೆ ಒಂದೇ ಪ್ರದರ್ಶನ. ಪರಿಚಯದ ಕನ್ನಡ ಕುಟುಂಬಗಳೆಲ್ಲ ಸೇರಿ ನಾಯಕನ ಚಿತ್ರಕ್ಕೆ ಹೋದೆವು. ಹೊಸಬರದನ್ನು ಮುಂದಿನ ಭಾನುವಾರಕ್ಕೆ ಇಟ್ಟುಕೊಂಡೆವು. ಆ ಭಾನುವಾರ ಅದು ಊರಿನಲ್ಲೇ ಇರಲಿಲ್ಲ.

ಅಂದು ನಮ್ಮ ಜೇಬಿನಲ್ಲಿ ಎರಡು ಟಿಕೆಟಿಗೂ ಹಣವಿತ್ತು, ಮನಸ್ಸೂ ಇತ್ತು. ಇದ್ದ ಬಿಡುವಿನ ಭಾನುವಾರ ಮಾತ್ರ ಒಂದೇ. ಹತ್ತಿರ ಹತ್ತಿರ ಬಿಡುಗಡೆಯಾದರೆ ಗಿರಾಕಿ ಸಾಮಾನ್ಯವಾಗಿ ಕೈತಪ್ಪುವುದಿಲ್ಲ, ತಡವಾಗಿ ಬರುತ್ತಾನೆ. ಅಂಗಡಿಯ ಕಪಾಟಿನಲ್ಲಿರುವ ಡಿಸ್ಕ್ ಅವನಿಗಾಗಿ ಕಾಯುತ್ತದೆ. ಚಿತ್ರಮಂದಿರ ಕಾಯುವುದಿಲ್ಲ. ಮೊದಲ ವಾರ ಕುರ್ಚಿಗಳು ಖಾಲಿಯಾಗಿದ್ದರೆ ಎರಡನೆಯ ವಾರವೇ ಇಲ್ಲ. ನಾವು ‘ಆಮೇಲೆ ನೋಡೋಣ’ ಎಂದುಕೊಂಡದ್ದು ಆ ಹೊಸಬರ ಪಾಲಿಗೆ ‘ನೋಡುವುದಿಲ್ಲ’ ಎಂದಷ್ಟೇ ಆಯಿತು. ಕನ್ನಡಿಗರು ಕಡಿಮೆಯಿರುವ ಊರಿನಲ್ಲಿ ಹತ್ತು ಕುಟುಂಬಗಳ ಮುಂದೂಡಿಕೆಯೂ ಸಣ್ಣದಲ್ಲ.

ಅಂದಿನಿಂದ ನಮ್ಮ ಮನೆಯಲ್ಲೊಂದು ರೂಢಿ: ಎರಡು ಕನ್ನಡ ಚಿತ್ರಗಳು ಒಟ್ಟಿಗೆ ಬಂದರೆ ಮೊದಲು ಚಿಕ್ಕದಕ್ಕೆ ಹೋಗುತ್ತೇವೆ. ದೊಡ್ಡದು ಇನ್ನೊಂದು ವಾರ ಇದ್ದೇ ಇರುತ್ತದೆ.