ಕಾವೇರಿಯ ತಡಿಯ ಶಾಂತಿವನ

ತಲಕಾವೇರಿಯಲ್ಲಿ ಹುಟ್ಟಿ, ಕನ್ನಡ ನಾಡಿನ ಗದ್ದೆಗಳಿಗೆ ನೀರುಣಿಸಿ, ತಮಿಳು ನಾಡಿಗಿಳಿದ ಕಾವೇರಿ ಕುಳಿತ್ತಲೈ ಊರನ್ನು ಸಮೀಪಿಸುವ ವೇಳೆಗೆ ತನ್ನ ಅಬ್ಬರವನ್ನು ಮರೆತು ವಿಶಾಲವಾಗಿ ಹರಡಿಕೊಂಡಿರುತ್ತಾಳೆ. ಬೇಸಗೆಯಲ್ಲಿ ನೀರಿಗಿಂತ ಮರಳೇ ಹೆಚ್ಚು. ತಿರುಚಿರಾಪಳ್ಳಿಯಿಂದ ಕರೂರಿಗೆ ಹೋಗುವ ದಾರಿಯಲ್ಲಿ, ತಣ್ಣೀರ್‌ಪಳ್ಳಿ ಎಂಬ ಹಳ್ಳಿಯ ಬಳಿ, ಮರಗಳ ನೆರಳಿನಲ್ಲಿ ಸಚ್ಚಿದಾನಂದ ಆಶ್ರಮವಿದೆ. ಶಾಂತಿವನವೆಂಬುದು ಅದರ ರೂಢಿಯ ಹೆಸರು.

ದ್ವಾರದ ಗೋಪುರವನ್ನು ಕಂಡ ಯಾತ್ರಿಕನು ಇದನ್ನು ಹಿಂದೂ ದೇವಾಲಯವೆಂದೇ ಭಾವಿಸಿಯಾನು. ಆದರೆ ಅಲ್ಲಿರುವ ಮೂರು ಮುಖಗಳ ಮೂರ್ತಿ ಕ್ರೈಸ್ತರ ತ್ರಿತ್ವದ ಸಂಕೇತ. ಸತ್ ಎಂದರೆ ಪಿತ, ಚಿತ್ ಎಂದರೆ ಸುತ, ಆನಂದವೆಂದರೆ ಪವಿತ್ರಾತ್ಮ. ಆಶ್ರಮದ ಹೆಸರಿನ ಇಂಗಿತವಿದು. ಒಳಗಿನ ಗರ್ಭಗುಡಿಯನ್ನು ಕತ್ತಲಾಗಿಯೇ ಇರಿಸಿದ್ದಾರೆ. ದೇವರು ಹೃದಯದ ಗುಹೆಯಲ್ಲಿ ನೆಲಸಿರುವನೆಂಬುದಕ್ಕೆ ಅದು ಗುರುತು.

1950ರಲ್ಲಿ ಇದನ್ನು ಸ್ಥಾಪಿಸಿದವರು ಫ್ರಾನ್ಸಿನ ಇಬ್ಬರು ಪಾದ್ರಿಗಳು. ಜೂಲ್ ಮೊನ್ಶಾನೆನ್ 1939ರಿಂದಲೇ ಆ ಸೀಮೆಯ ಹಳ್ಳಿಗಳಲ್ಲಿ ಸೇವೆ ಮಾಡುತ್ತಿದ್ದವರು. ಆನ್ರಿ ಲ ಸೋ 1948ರಲ್ಲಿ ಬಂದ ಬೆನೆಡಿಕ್ಟೈನ್ ಸಂನ್ಯಾಸಿ. ಮುಂದೆ ಅಭಿಷಿಕ್ತಾನಂದರೆಂದು ಪ್ರಸಿದ್ಧರಾದರು. ಇಬ್ಬರೂ ಕಾವಿಯುಟ್ಟು ಗುಡಿಸಲುಗಳಲ್ಲಿ ನೆಲಸಿ, ಭಾರತೀಯ ಶಿಷ್ಯರ ದಾರಿ ಕಾದರು. ಬಂದವರು ಕೆಲವರು, ನಿಂತವರಿಲ್ಲ. ಮೊನ್ಶಾನೆನ್ 1957ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡಾಗ ಅವರ ಕನಸಿನ ಸಂನ್ಯಾಸಿ ಸಮುದಾಯ ಕನಸಾಗಿಯೇ ಉಳಿದಿತ್ತು.

ಅಭಿಷಿಕ್ತಾನಂದರ ಸಂಕಟ ಬೇರೆ ಬಗೆಯದು. 1949ರಲ್ಲಿ ರಮಣ ಮಹರ್ಷಿಗಳ ದರ್ಶನ ಪಡೆದು, ಅರುಣಾಚಲದ ಗುಹೆಗಳಲ್ಲಿ ಮೌನವಾಗಿ ಕುಳಿತ ಅವರಿಗೆ ಅದ್ವೈತವನ್ನು ಅಲ್ಲಗಳೆಯುವುದು ಅಸಾಧ್ಯವಾಯಿತು. ಕ್ರಿಸ್ತನನ್ನು ಬಿಡುವುದೂ ಅಸಾಧ್ಯ. ಎರಡನ್ನೂ ಎದೆಯಲ್ಲಿ ಹೊತ್ತೇ ಅವರು 1968ರಲ್ಲಿ ಹಿಮಾಲಯಕ್ಕೆ ತೆರಳಿ, 1973ರಲ್ಲಿ ದೇಹಬಿಟ್ಟರು.

ಆಶ್ರಮದ ಭಾರ ಹೊತ್ತ ಬೀಡ್ ಗ್ರಿಫಿತ್ಸ್ ಇಂಗ್ಲೆಂಡಿನವರು. 1955ರಲ್ಲಿ ಭಾರತಕ್ಕೆ ಬಂದು, ಬೆಂಗಳೂರಿನ ಬಳಿಯ ಕೆಂಗೇರಿಯಲ್ಲಿ ಕೆಲಕಾಲವಿದ್ದು, ಬಳಿಕ ಕೇರಳದ ಕುರಿಶುಮಲೆ ಆಶ್ರಮದಲ್ಲಿ ಬಾಳಿದವರು. ಅವರ ಕಾಲದಲ್ಲಿ ದೇಶವಿದೇಶಗಳಿಂದ ಸಾಧಕರು ಬರತೊಡಗಿದರು. ಜೊತೆಗೆ ಆಕ್ಷೇಪಗಳೂ ಬಂದವು. ಇದು ಮತಾಂತರದ ಹೂಟವೆಂದು ಕೆಲವು ಹಿಂದೂಗಳು ಶಂಕಿಸಿದರೆ, ಕ್ರೈಸ್ತಧರ್ಮವೇ ಕಲಬೆರಕೆಯಾಗುವುದೆಂದು ಕೆಲವು ಕ್ರೈಸ್ತರು ಅಂಜಿದರು.

ಗ್ರಿಫಿತ್ಸರು ರೂಢಿಸಿದ ಕ್ರಮದಲ್ಲಿ ದಿನಕ್ಕೆ ಮೂರು ಪ್ರಾರ್ಥನೆಗಳು. ಬೆಳಗ್ಗೆ ಹಣೆಗೆ ಗಂಧ, ಮಧ್ಯಾಹ್ನ ಕುಂಕುಮ, ಸಂಜೆ ವಿಭೂತಿ. ಬೈಬಲಿನ ಕೀರ್ತನೆಗಳೊಡನೆ ಉಪನಿಷತ್ತಿನ ವಾಚನವೂ ಉಂಟು. ಆದರೆ ದಿನದ ತಿರುಳು ಮಾತಿನಲ್ಲಿಲ್ಲ. ಸೂರ್ಯೋದಯ ಸೂರ್ಯಾಸ್ತಗಳಲ್ಲಿ ಒಂದೊಂದು ಗಂಟೆಯ ಮೌನಧ್ಯಾನದಲ್ಲಿದೆ. ಗ್ರಿಫಿತ್ಸರು ಯೇಸುವಿನ ನಾಮವುಳ್ಳ ಕಿರುಪ್ರಾರ್ಥನೆಯನ್ನು ಜಪಿಸುತ್ತಿದ್ದರು. ಮನಸ್ಸು ಅತ್ತಿತ್ತ ಓಡಿದರೆ ಅದರೊಡನೆ ಕಾದಾಡಬೇಕಿಲ್ಲ; ಮೆಲ್ಲನೆ ನಾಮಕ್ಕೆ ಮರಳಿದರಾಯಿತು. ಈ ಜಪ ಕ್ರೈಸ್ತರಿಗೆ ಹೊಸತಲ್ಲ. ನಾಲ್ಕನೆಯ ಶತಮಾನದಲ್ಲೇ ಈಜಿಪ್ಟಿನ ಮರುಭೂಮಿಯ ತಪಸ್ವಿಗಳು ಕಿರುವಾಕ್ಯಗಳನ್ನು ಜಪಿಸುತ್ತಿದ್ದರು. ಜಾನ್ ಕ್ಯಾಸಿಯನ್ ಆ ಸಾಧನೆಯನ್ನು ಪಶ್ಚಿಮಕ್ಕೆ ಒಯ್ದನು. ಮರೆತುಹೋಗಿದ್ದ ಸ್ವಂತ ನಿಧಿಯೊಂದು ಹಲವು ಪಾಶ್ಚಾತ್ಯರಿಗೆ ಕಾವೇರಿಯ ದಡದಲ್ಲಿ ಮರಳಿ ದೊರಕಿತು.

ಗ್ರಿಫಿತ್ಸರು 1993ರಲ್ಲಿ ತೀರಿಕೊಂಡು, ಅಲ್ಲಿಯೇ ಮಣ್ಣಾಗಿದ್ದಾರೆ. ಹಿಂದೆ ಇಬ್ಬರು ಪಾದ್ರಿಗಳು ಶಿಷ್ಯರಿಗಾಗಿ ಕಾದರು, ಶಿಷ್ಯರು ಬರಲಿಲ್ಲ. ಆದರೆ ಆ ಬರಿದಾದ ದಿನಗಳಲ್ಲಿ ಅವರು ಕಾಪಾಡಿಕೊಂಡ ಮೌನವೇ ಇಂದು ಅಲ್ಲಿಗೆ ಬರುವವರಿಗೆ ದೊರೆಯುವ ಪ್ರಸಾದ.