ಬಂದೂಕಿಗೆ ಬಣ್ಣ

ನಮ್ಮ ಮನೆಯಲ್ಲಿ ಒಂದು ಬಂದೂಕು ಇದೆಯೆಂದರೆ ನನ್ನ ಸಹೋದ್ಯೋಗಿಗಳು ನಂಬುವುದಿಲ್ಲ. ಕೇಶಿರಾಜನ ಸೂತ್ರಗಳನ್ನು ಹೇಳಿಕೊಟ್ಟು ಹೊಟ್ಟೆ ಹೊರೆಯುವವನಿಗೆ ಬಂದೂಕಿನಿಂದ ಏನಾಗಬೇಕಾಗಿದೆ ಎಂದು ಅವರ ಶಂಕೆ. ಶಂಕೆ ನ್ಯಾಯವಾದುದೇ. ಆದರೆ ಅದು ಮದ್ದಿನ ಬಂದೂಕಲ್ಲ, ಗಾಳಿಯದು. ನಳಿಗೆಯನ್ನು ಹಿಡಿದು ಕೆಳಕ್ಕೆ ಬಗ್ಗಿಸಿದರೆ ಒಳಗಿನ ಸ್ಪ್ರಿಂಗು ಮುದುಡಿಕೊಳ್ಳುತ್ತದೆ. ಟ್ರಿಗರ್ ಒತ್ತಿದರೆ ಅದು ಚಿಮ್ಮಿ, ಎದುರಿನ ಗಾಳಿಯನ್ನು ಅದುಮಿ, ಅರ್ಧ ಗ್ರಾಂ ತೂಕದ ಸೀಸದ ಗುಂಡೊಂದನ್ನು ಹೊರಕ್ಕೆ ದಬ್ಬುತ್ತದೆ. ಜಾತ್ರೆಗಳಲ್ಲಿ ಬಲೂನು ಒಡೆಯುವ ಅಂಗಡಿಯಲ್ಲಿ ಇಂಥದನ್ನು ನೀವೂ ಒಮ್ಮೆ ಹೆಗಲಿಗೆ ಏರಿಸಿಯೇ ಇರುತ್ತೀರಿ. ನಳಿಗೆ 4.5 ಮಿಲಿಮೀಟರನ್ನೂ ಶಕ್ತಿ 20 ಜೂಲನ್ನೂ ಮೀರದಿದ್ದರೆ 2016 ರ ಆಯುಧ ನಿಯಮಗಳ ಪ್ರಕಾರ ಇದಕ್ಕೆ ಲೈಸೆನ್ಸು ಬೇಡ. ಹಾಗೆಂದು ಇದು ಆಟಿಕೆಯಲ್ಲ. ಈ ಮಾತನ್ನು ಮುಂದೆ ಮತ್ತೆ ಎತ್ತಬೇಕಾಗುತ್ತದೆ.

ನಂಜನಗೂಡು ತಾಲ್ಲೂಕಿನ ಬಿಳಿಗೆರೆಯಲ್ಲಿರುವ ನಮ್ಮ ಮನೆಯ ನಡುಮನೆ ಗೋಡೆಯಲ್ಲಿ, ಎರಡು ಮೊಳೆಗಳ ಮೇಲೆ, ಅದು ನನಗೆ ಬುದ್ಧಿ ತಿಳಿದಾಗಿನಿಂದ ಮಲಗಿದೆ. ಅಪ್ಪ ತೀರಿಕೊಂಡ ಮೇಲೆ ಅದನ್ನು ಇಳಿಸಿದವರಿಲ್ಲ. ಕಳೆದ ಬೇಸಿಗೆಯಲ್ಲಿ ರಜೆಗೆ ಬಂದ ನನ್ನ ಅಕ್ಕನ ಮಗ ಇಳಿಸಿದ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗ. ಧೂಳು ಒರೆಸಿ, ಎಣ್ಣೆ ಬಿಟ್ಟು, ಮೂರು ದಿನಗಳಲ್ಲಿ ಅದಕ್ಕೆ ಜೀವ ಬರಿಸಿದ. ನಾಲ್ಕನೆಯ ದಿನ, “ಮಾವ, ಇದಕ್ಕೆ ಬಣ್ಣ ಹೊಡೆಯೋಣ,” ಎಂದ.

ಎಂಥ ಬಣ್ಣವೆಂದು ಕೇಳಿದೆ. ಮರದ ಹಿಡಿಗೆ ಹಳದಿ, ಅದರ ಮೇಲೆ ಕಿತ್ತಳೆಯ ಪಟ್ಟೆ, ನಳಿಗೆಯ ಉದ್ದಕ್ಕೂ ಒಂದು ಬಿಳಿಯ ಗೆರೆ. “ನಮ್ಮೂರಿನ ಹೆಸರೇ ಬಿಳಿಗೆರೆಯಲ್ಲವೇ?” ಎಂದು ಒಗ್ಗರಣೆ ಬೇರೆ. ಗೆರೆಯಲ್ಲಪ್ಪ, ಕೆರೆ, ಕಕಾರಕ್ಕೆ ಗಕಾರ ಬಂದಿದೆ, ಆದೇಶಸಂಧಿ ಎಂದು ನಾನು ಪಾಠ ಶುರುಮಾಡುವಷ್ಟರಲ್ಲಿ ಅವನು ಎದ್ದು ಹೋಗಿದ್ದ.

ಅವನ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಬಂದೂಕನ್ನು ಸಿಂಗರಿಸುವುದು ಹೊಸತೇನಲ್ಲ. ನಮ್ಮ ನೆರೆಯ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ ತನ್ನ ಬಂದೂಕುಗಳ ಮೇಲೆ ಹುಲಿಯ ಮುಖವನ್ನೂ ಹುಲಿಪಟ್ಟೆಯನ್ನೂ ಚಿನ್ನ ಬೆಳ್ಳಿಗಳಲ್ಲಿ ಕೂರಿಸಿದ್ದ. 1799 ರ ನಂತರ ಅವು ಸಮುದ್ರ ದಾಟಿ ಇಂಗ್ಲೆಂಡನ್ನು ಸೇರಿದವು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯನ್ನು ದೇವರ ಮುಂದಿಟ್ಟು, ಬೆಂಕಿಯ ನಾಲಗೆಯಂಥ ಒಂದು ಕಾಡುಹೂವನ್ನು ಮುಡಿಸುತ್ತಾರೆ. ಆ ಹೂವಿಗೆ ಅವರ ಹೆಸರೇ ತೋಕ್ ಪೂ, ಎಂದರೆ ಕೋವಿಯ ಹೂ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ಹಿಂದಿನಿಂದ ಬಂದ ವಿನಾಯಿತಿಯನ್ನು 2019 ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿದ್ದೂ ಕೋವಿಯ ಮೇಲಿನ ಆ ಪ್ರೀತಿಗೆ ಸಂದ ಮನ್ನಣೆಯೇ. “ಹಾಗಿದ್ದ ಮೇಲೆ ನಮ್ಮದೇನು ಪಾಪ ಮಾಡಿದೆ, ಮಾವ?” ಎಂದರೆ ಏನು ಹೇಳುವುದು?

ಹೇಳಬೇಕಾದದ್ದು ಗಂಟಲಲ್ಲಿತ್ತು; ಹೊರಬರಲಿಲ್ಲ.

ನನಗೆ ಹನ್ನೆರಡು ವರ್ಷವಾಗಿದ್ದಾಗ ಅಪ್ಪ ಇಲ್ಲದ ಹೊತ್ತು ನೋಡಿ ಅದೇ ಬಂದೂಕಿನಿಂದ ಒಂದು ಗೊರವಂಕವನ್ನು ಹೊಡೆದಿದ್ದೆ. ಗುರಿಯಿಟ್ಟು ಹೊಡೆದೆನೆಂದರೆ ಸುಳ್ಳಾದೀತು. ಆದರೂ ಅದು ಬಿತ್ತು. ಇನ್ನೊಂದು ಗೊರವಂಕ ಸಂಜೆಯವರೆಗೂ ಅದೇ ನುಗ್ಗೆಯ ಕೊಂಬೆಯ ಮೇಲೆ ಕುಳಿತು ಕೂಗಿತು. ಅಪ್ಪ ಬೈಯಲಿಲ್ಲ. ನನ್ನನ್ನು ಆ ಮರದ ಕೆಳಗೆ ಕೂರಿಸಿ, ಕತ್ತಲಾಗುವವರೆಗೂ ಏಳಬೇಡವೆಂದು ಹೇಳಿ ಒಳಕ್ಕೆ ಹೋದರು. ಮರುದಿನ ಗದ್ದೆಯ ಬದುವಿನ ಹೊಂಗೆಮರಕ್ಕೆ ಹಳೆಯ ಎಣ್ಣೆ ಡಬ್ಬಿಯ ತಗಡೊಂದನ್ನು ಬಿಡಿಸಿ ತೂಗುಹಾಕಿದರು. ಅಂದಿನಿಂದ ಭತ್ತಕ್ಕೆ ಗಿಣಿ ಬಂದರೆ ಅವರು ಹೊಡೆಯುತ್ತಿದ್ದುದು ಗಿಣಿಗಲ್ಲ, ತಗಡಿಗೆ. ಠಣ್ ಎಂದೊಡನೆ ಹಿಂಡೆಲ್ಲ ಎದ್ದು ಹೋಗುತ್ತಿತ್ತು. ಅರ್ಧ ಗಂಟೆಗೆ ಮತ್ತೆ ಬರುತ್ತಿತ್ತು. ಅಪ್ಪ ಮತ್ತೆ ಹೊಡೆಯುತ್ತಿದ್ದರು. ಈ ಯುದ್ಧದಲ್ಲಿ ಯಾರು ಗೆದ್ದರೆಂದು ಇಂದಿಗೂ ಹೇಳಲಾರೆ.

ಬಂದೂಕಿನ ಹಿಡಿ ಒಮ್ಮೆ ಮುರಿದಾಗ ಊರಿನ ಆಚಾರಿ ಹಲಸಿನ ಮರದಲ್ಲಿ ಹೊಸದನ್ನು ಕಡೆದುಕೊಟ್ಟಿದ್ದ. ಹಲಸು ವೀಣೆಗೆ ಆಗುವ ಮರ. ಕೊಯ್ದಾಗ ಅರಿಸಿನದಂತಿದ್ದು, ವರ್ಷಗಳು ಕಳೆದಂತೆ ಗಾಳಿ ಬೆಳಕು ಕುಡಿದು ಜೇನುಬಣ್ಣಕ್ಕೆ, ಆಮೇಲೆ ಕಂದುಗೆಂಪಿಗೆ ತಿರುಗುತ್ತದೆ. ಅಪ್ಪನ ಕೆನ್ನೆ ತಾಗುತ್ತಿದ್ದ ಕಡೆ, ಎಡಗೈ ಹಿಡಿಯುತ್ತಿದ್ದ ಕಡೆ ಅದು ಇನ್ನಷ್ಟು ಕಪ್ಪಾಗಿ, ಕನ್ನಡಿಯಂತೆ ನುಣುಪಾಗಿದೆ. ಬಣ್ಣ ಹೊಡೆಯುವುದೆಂದರೆ ಮೊದಲು ಉಪ್ಪುಕಾಗದದಿಂದ ಅದನ್ನೆಲ್ಲ ಉಜ್ಜಿ ತೆಗೆಯಬೇಕು. ಎಣ್ಣೆ ಪಸೆ ಇದ್ದರೆ ಬಣ್ಣ ಕೂರುವುದಿಲ್ಲ. ಕೆನ್ನೆಯ ಗುರುತನ್ನು ಉಜ್ಜಬೇಡ ಎಂದು ಹತ್ತೊಂಬತ್ತರ ಹುಡುಗನಿಗೆ ಹೇಳುವುದು ಹೇಗೆ? ಮೇಷ್ಟರಿಗೆ ಮರವನ್ನು ಕಂಡರೂ ಕಣ್ಣೀರು ಎಂದು ನಕ್ಕಾನು. ಅದಕ್ಕೇ ನಾನು ಪ್ರಾಯೋಗಿಕ ಆಕ್ಷೇಪಗಳ ಮರೆ ಹೊಕ್ಕೆ. ಉಕ್ಕಿನ ಮೇಲಿರುವ ಕಪ್ಪುನೀಲಿ ಹೊಳಪು ಬಳಿದ ಬಣ್ಣವಲ್ಲ, ತುಕ್ಕು ಹಿಡಿಯದಂತೆ ಉಕ್ಕಿಗೆ ಬರಿಸಿದ ಒಳ್ಳೆಯ ಜಾತಿಯ ತುಕ್ಕು, ಅದನ್ನು ಕೆದಕಬಾರದು ಎಂದೆ. ನಳಿಗೆ ಬಗ್ಗುವ ಸಂದಿಗೆ ಬಣ್ಣ ಇಳಿದರೆ ಗಾಳಿ ಸೋರುತ್ತದೆ ಎಂದೆ. ಗುರುತಿನ ಸಂಖ್ಯೆಯನ್ನು ಮುಚ್ಚಬಾರದು ಎಂದೆ. ಎಲ್ಲಕ್ಕೂ ಅವನ ಬಳಿ ಉತ್ತರವಿತ್ತು: ಅಲ್ಲೆಲ್ಲ ಅಂಟುಪಟ್ಟಿ ಹಚ್ಚಿದರಾಯಿತು.

ಕೊನೆಗೆ, ನೋಡಲು ಹೇಗಿರುತ್ತದೆಂದು ನನಗೆ ಮನದಟ್ಟು ಮಾಡಿಸಲು, ಅಂಗಡಿಯಿಂದ ಬಣ್ಣದ ಕಾಗದ ತಂದು ಬಂದೂಕಿಗೆ ಸುತ್ತಿದ. ಹಳದಿ, ಕಿತ್ತಳೆ, ಬಿಳಿಯ ಗೆರೆ. ನಿಜ ಹೇಳಬೇಕು, ಚೆನ್ನಾಗಿಯೇ ಕಾಣುತ್ತಿತ್ತು. ನಾನು ಮುಕ್ಕಾಲು ಸೋತೆ. ಜಗಲಿಯ ಕಂಬಕ್ಕೆ ಅದನ್ನು ಒರಗಿಸಿ ಇಬ್ಬರೂ ಕಾಫಿಗೆಂದು ಒಳಕ್ಕೆ ಹೋದೆವು.

ಹೊರಬಂದಾಗ ಪಕ್ಕದ ಮನೆಯ ಐದು ವರ್ಷದ ಮಗು ಜಗಲಿಯ ಮೇಲೆ ಕುಳಿತಿತ್ತು. ಬಂದೂಕನ್ನು ತೊಡೆಯ ಮೇಲೆ ಮಲಗಿಸಿಕೊಂಡು, ನಳಿಗೆಯ ಬಾಯಿಗೆ ಒಂದು ಕಣ್ಣಿಟ್ಟು ಒಳಗೇನಿದೆಯೆಂದು ನೋಡುತ್ತಿತ್ತು. ಗುಂಡು ತುಂಬಿರಲಿಲ್ಲ, ಸ್ಪ್ರಿಂಗೂ ಎಳೆದಿರಲಿಲ್ಲ. ಅದು ನಮಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಕೈಯ ಲೋಟ ಜಾರಿತು. ಆ ಮಗು ದಿನವೂ ನಮ್ಮ ಮನೆಗೆ ಬರುತ್ತದೆ. ಗೋಡೆಯ ಮೇಲಿನ ಕಂದು ಬಂದೂಕನ್ನು ಒಂದು ದಿನವೂ ಕೇಳಿದ್ದಿಲ್ಲ. “ಇದು ಯಾರ ಆಟದ ಸಾಮಾನು?” ಎಂದಿತು.

ಹುಡುಗ ಮೆಲ್ಲನೆ ಬಂದೂಕನ್ನು ಬಿಡಿಸಿಕೊಂಡ. ಕಾಗದವನ್ನು ಹರಿದ. ಆ ಹೊತ್ತಿನಲ್ಲಿ ನಾವಿಬ್ಬರೂ ಏನೂ ಮಾತಾಡಲಿಲ್ಲ. ರಾತ್ರಿ ಊಟದ ಮೇಲೆ ಅವನೇ ತೆಗೆದ. ಅಮೆರಿಕದಲ್ಲಿ ಆಟದ ಬಂದೂಕಿನ ತುದಿಗೆ ಕಿತ್ತಳೆಯ ಬಣ್ಣ ಇರಬೇಕೆಂದು ಕಾನೂನಿದೆಯಂತೆ, ನಿಜವಾದದ್ದೆಂದು ಯಾರೂ ಮೋಸಹೋಗದಿರಲೆಂದು. 2014 ರಲ್ಲಿ ಕ್ಲೀವ್‌ಲೆಂಡ್ ಪಟ್ಟಣದಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬನ ಕೈಯಲ್ಲಿದ್ದ ಆಟದ ಪಿಸ್ತೂಲಿಗೆ ಆ ಬಣ್ಣ ಇರಲಿಲ್ಲ, ನಿಜವಾದದ್ದೆಂದು ತಿಳಿದು ಪೊಲೀಸಿನವರು ಗುಂಡು ಹೊಡೆದರು, ಹುಡುಗ ಉಳಿಯಲಿಲ್ಲ. “ನಾವು ತಿರುಗಾಮುರುಗಾ ಮಾಡಹೊರಟಿದ್ದೆವು, ಮಾವ,” ಎಂದ. ಹನ್ನೆರಡು ವರ್ಷ ಎಂಬ ಮಾತಿಗೆ ನನಗೆ ನುಗ್ಗೆಯ ಮರ ನೆನಪಾಗಿ, ಅವನಿಗೆ ಗೊರವಂಕದ ಕಥೆಯನ್ನು ಹೇಳಿದೆ. ಮೂವತ್ತು ವರ್ಷಗಳಲ್ಲಿ ಅದನ್ನು ಯಾರಿಗಾದರೂ ಹೇಳಿದ್ದು ಅದೇ ಮೊದಲು. ಅವನು ನಗಲಿಲ್ಲ. ಎದ್ದು ಹೋಗಿ ದೀಪದ ಕೆಳಗೆ ಹಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿ, “ತಾತನ ಕೆನ್ನೆ ಇಲ್ಲಿಗೆ ಬರುತ್ತಿತ್ತೇ?” ಎಂದ.

ಮರಕ್ಕೆ ಅಗಸೆ ಎಣ್ಣೆ ಸಾಕೆಂದು ತೀರ್ಮಾನವಾಯಿತು. ಅದನ್ನು ತರಲು ಮೈಸೂರಿಗೆ ಹೋದೆವು. ಬಣ್ಣದ ವಿಷಯದಲ್ಲಿ ಮೈಸೂರು ಸಾಮಾನ್ಯ ಊರಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937 ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆ ಹುಟ್ಟಿದ್ದು ಅಲ್ಲಿ. 1962 ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಅಳಿಯದ ಶಾಯಿ ಹೋಗುತ್ತಿರುವುದೂ ಅಲ್ಲಿಂದಲೇ. ಎಣ್ಣೆಯನ್ನು ತೆಳ್ಳಗೆ ಹಚ್ಚಿ, ಒರೆಸಿ, ಒಣಗಲು ಬಿಟ್ಟು, ಮತ್ತೆ ಹಚ್ಚಬೇಕು. ಹೀಗೆ ನಾಲ್ಕು ಸಲ. ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿಯೇರಿ ಬಟ್ಟೆ ಹೊತ್ತಿಕೊಳ್ಳುವುದುಂಟು. ನಾವು ಅದನ್ನು ಬೇಲಿಯ ಮೇಲೆ ಹರವಿದೆವು. ಮನೆಯ ಆಳು ನೋಡಿ, “ಇದೇನ್ ಬುದ್ಧೀ, ಬಂದೂಕಕ್ಕೆ ಎಣ್ಣೆ ನೀರು ಹಾಕೀರಾ?” ಎಂದು ನಕ್ಕ. ಬಂದೂಕಿಗೆ ಈಗ ಬೀರುವಿನಲ್ಲಿ ಜಾಗ. ಬೀಗದ ಕೈ ಅಮ್ಮನ ಸೆರಗಿನಲ್ಲಿ.

ಹುಡುಗ ಆಗಲೇ ಕೊಂಡಿದ್ದ ಬಿಳಿಯ ಬಣ್ಣದ ಡಬ್ಬಿ ಹಾಗೆಯೇ ಉಳಿದಿತ್ತು. ಹಿತ್ತಲಲ್ಲಿ ಮರಳಿನ ಮೂಟೆಗಳನ್ನು ಪೇರಿಸಿ, ಅದರ ಮುಂದೆ ಗುರಿಯ ಕಾಗದ ಅಂಟಿಸಿದ. 2008 ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಹತ್ತು ಮೀಟರ್ ದೂರದಿಂದ. ಆ ಪಂದ್ಯದ ಗುರಿಯ ನಡುವಿನ ಚುಕ್ಕೆ ಅರ್ಧ ಮಿಲಿಮೀಟರು. ಟೇಪು ಹಿಡಿದು ಅಳೆದು, ಹತ್ತು ಮೀಟರಿಗೆ ಸರಿಯಾಗಿ ಹಿತ್ತಲ ಕಲ್ಲುಚಪ್ಪಡಿಯ ಮೇಲೆ, ಅಮ್ಮ ಹಪ್ಪಳ ಒಣಗಿಸುವ ಜಾಗದಲ್ಲಿ, ಒಂದು ಬಿಳಿಯ ಗೆರೆ ಎಳೆದ. ಅಮ್ಮ ಎರಡು ದಿನ ಅವನೊಡನೆ ಮಾತು ಬಿಟ್ಟಿದ್ದರು.